‘ಔಲಿಯಾ’ ಎಂದರೆ ಗೆಳೆಯರೇ?

ಸೂರಃ ಅಲ್‌ಮಾಇದಃದ 51ನೇ ವಚನದ ಬಗ್ಗೆ ಜುಮಾ ಖುತ್ಬಾದಲ್ಲಿ ನಾವು ಹೇಳಿದ್ದನ್ನು ಬರೆದು ಕೊಡಬೇಕೆಂದು ಹಲವರು ಕೇಳಿದ್ದಾರೆ. ಮಿಂಬರಿನ ಮೇಲೆ ಸಮಯ ಸಾಲದೆ ಬಿಟ್ಟ ಮಾತುಗಳನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇವೆ. ಯಹೂದಿಯರನ್ನೂ ಕ್ರೈಸ್ತರನ್ನೂ ಔಲಿಯಾಗಳಾಗಿ ಮಾಡಿಕೊಳ್ಳಬಾರದು, ಅವರು ಪರಸ್ಪರ ಔಲಿಯಾಗಳು, ನಿಮ್ಮಲ್ಲಿ ಯಾರು ಹಾಗೆ ಮಾಡುತ್ತಾರೋ ಅವರು ಅವರ ಕಡೆಯವರೇ ಆಗುತ್ತಾರೆ ಎಂಬುದು ಆ ವಚನದ ತಾತ್ಪರ್ಯ.

ಈಗ ಈ ವಚನ ನಮ್ಮ ಮನೆಗಳಿಗೆ ಮುಸ್‌ಹಫಿನಿಂದ ಬರುವುದಕ್ಕಿಂತ ಹೆಚ್ಚಾಗಿ ಮೊಬೈಲಿನಿಂದ ಬರುತ್ತಿದೆ. ಕಳಿಸುವವರು ಎರಡು ಬಗೆ. ಮುಸ್ಲಿಮರನ್ನು ನಂಬಬೇಡಿ, ಅವರ ಗ್ರಂಥವೇ ನಿಮ್ಮ ಗೆಳೆತನ ಬೇಡವೆನ್ನುತ್ತದೆ ಎಂದು ಹಿಂದೂ ಸಹೋದರರಿಗೆ ತೋರಿಸಲು ಒಬ್ಬರು ಕಳಿಸುತ್ತಾರೆ. ಕಾಲೇಜಿನಲ್ಲಿ ಅವರ ಜೊತೆ ಹೆಚ್ಚು ಸೇರಬೇಡ ಎಂದು ನಮ್ಮ ಮಕ್ಕಳಿಗೆ ಹೇಳಲು ಇನ್ನೊಬ್ಬರು ಕಳಿಸುತ್ತಾರೆ. ಪರಸ್ಪರ ಮುಖ ನೋಡದ ಈ ಇಬ್ಬರೂ ಒಂದೇ ವಚನವನ್ನು ಒಂದೇ ಅರ್ಥದಲ್ಲಿ ಓದುತ್ತಾರೆ. ಇಬ್ಬರೂ ಹಿಂದಿನ ಮುಂದಿನ ವಚನಗಳನ್ನು ಓದುವುದಿಲ್ಲ.

ಬೇರೆ ಊರಿನಲ್ಲಾಗಿದ್ದರೆ ಇದನ್ನು ಕೇವಲ ಪಾಂಡಿತ್ಯದ ಚರ್ಚೆ ಎನ್ನಬಹುದಿತ್ತು. ಸುರತ್ಕಲ್‌ನಲ್ಲಿ ಹಾಗೆನ್ನಲಾಗದು. 1998ರ ಡಿಸೆಂಬರಿನ ಗಲಭೆಯನ್ನು ಕಂಡವರು ಇನ್ನೂ ನಮ್ಮ ಸಫ್ಫುಗಳಲ್ಲಿ ನಿಲ್ಲುತ್ತಾರೆ. 2018ರ ಜನವರಿ 3ರಂದು ಕಾಟಿಪಳ್ಳದಲ್ಲಿ ಒಬ್ಬ ಹಿಂದೂ ಯುವಕನ ಕೊಲೆಯಾಯಿತು. ಅದೇ ರಾತ್ರಿ ಕೊಟ್ಟಾರ ಚೌಕಿಯಲ್ಲಿ ದಾಳಿಗೊಳಗಾದ ಮುಸ್ಲಿಮ್ ಸಹೋದರರು ಕೆಲವೇ ದಿನಗಳಲ್ಲಿ ತೀರಿಕೊಂಡರು. 2022ರ ಜುಲೈ 28ರಂದು ಸುರತ್ಕಲ್ ಪೇಟೆಯಲ್ಲೇ ನಮ್ಮ ಒಬ್ಬ ಯುವಕನನ್ನು ಕೊಂದರು. ಅದೇ ವರ್ಷದ ಡಿಸೆಂಬರ್ 24ರಂದು ಕಾಟಿಪಳ್ಳದಲ್ಲಿ ಮತ್ತೊಂದು ಕೊಲೆ. ಇಂಥ ಪ್ರತಿಯೊಂದು ಘಟನೆಯ ನಂತರ ನೆರೆಮನೆಯ ಬಾಗಿಲುಗಳು ಸ್ವಲ್ಪ ದಿನ ಮುಚ್ಚಿರುತ್ತವೆ. ಆ ಬಾಗಿಲನ್ನು ಮತ್ತೆ ತಟ್ಟಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಹೊತ್ತಿಗೇ ಮೊಬೈಲಿಗೆ ಈ ವಚನ ಬಂದು ಬೀಳುತ್ತದೆ. ಆದ್ದರಿಂದ ಅದರ ಅರ್ಥ ಏನೆಂದು ಸರಿಯಾಗಿ ತಿಳಿದುಕೊಳ್ಳುವುದು ನಮಗೆ ಅಗತ್ಯ.

ಮೊದಲು ಪದವನ್ನು ನೋಡೋಣ. ‘ಔಲಿಯಾ’ ಎಂಬುದು ‘ವಲಿ’ಯ ಬಹುವಚನ. ಇದು ನಮ್ಮ ಮನೆಗಳಿಗೆ ಹೊಸ ಪದವೇನಲ್ಲ. ನಿಕಾಹ್ ನಡೆಯುವಾಗ ಮದುಮಗಳ ವಲಿ ಯಾರು ಎಂದು ಖಾಝಿ ಕೇಳುತ್ತಾರೆ. ಆಗ ತಂದೆ, ಅವರಿಲ್ಲದಿದ್ದರೆ ಅಜ್ಜ ಅಥವಾ ಸಹೋದರ ಮುಂದೆ ಬರುತ್ತಾರೆ. ಹುಡುಗಿಯ ಗೆಳತಿ ಬರುವುದಿಲ್ಲ. ಏಕೆಂದರೆ ವಲಿ ಎಂದರೆ ಇನ್ನೊಬ್ಬರ ಹೊಣೆ ಹೊತ್ತವನು, ಅವರ ಪರವಾಗಿ ನಿಂತು ಮಾತು ಕೊಡುವ ಅಧಿಕಾರ ಉಳ್ಳವನು. ಯತೀಮ್ ಮಗುವಿನ ಆಸ್ತಿ ನೋಡಿಕೊಳ್ಳುವವನೂ ವಲಿಯೇ. ಅರಬರ ಗೋತ್ರಗಳ ನಡುವೆ ಈ ಪದಕ್ಕಿದ್ದ ಅರ್ಥವೂ ಇದೇ: ಯುದ್ಧ ಬಂದರೆ ನನ್ನ ಪಕ್ಷದಲ್ಲಿ ನಿಲ್ಲುವವನು, ನಾನು ಯಾರ ಆಶ್ರಯದಲ್ಲಿದ್ದೇನೋ ಅವನು. ಗೆಳೆಯನಿಗೆ ಅರಬಿಯಲ್ಲಿ ‘ಸದೀಕ್’ ಇದೆ, ‘ಖಲೀಲ್’ ಇದೆ, ಒಡನಾಡಿಗೆ ‘ಸಾಹಿಬ್’ ಇದೆ. ಕನ್ನಡದಲ್ಲಿ ‘ಮಿತ್ರರು’ ಎಂದು ಓದಿದಾಗ ರಾಜ್ಯ ರಾಜ್ಯಗಳ ಮೈತ್ರಿ ನಮ್ಮ ಕಣ್ಣ ಮುಂದೆ ಬರುವುದಿಲ್ಲ, ಶಾಲೆಯ ಬೆಂಚಿನಲ್ಲಿ ಪಕ್ಕ ಕುಳಿತವನು ಬರುತ್ತಾನೆ. ತೊಡಕು ಶುರುವಾಗುವುದು ಅಲ್ಲಿಂದ.

ಇದು ನಾವು ಇಂದಿನ ಅನುಕೂಲಕ್ಕೆ ಮಾಡಿಕೊಂಡ ಅರ್ಥ ಎಂದು ಯಾರಿಗಾದರೂ ಅನ್ನಿಸಿದರೆ ಸೂರಃ ಅಲ್‌ಅನ್‌ಫಾಲ್‌ನ 72ನೇ ವಚನವನ್ನು ತೆರೆದು ನೋಡಲಿ. ವಿಶ್ವಾಸವಿಟ್ಟರೂ ಮದೀನಾಕ್ಕೆ ಹಿಜ್ರತ್ ಮಾಡದೆ ಉಳಿದ ಮುಸ್ಲಿಮರ ಬಗ್ಗೆ ಅಲ್ಲಿ ಹೇಳಲಾಗಿದೆ. ಅವರು ವಲಸೆ ಬರುವ ತನಕ ಅವರೊಂದಿಗೆ ನಿಮಗೆ ಯಾವುದೇ ‘ವಲಾಯತ್’ ಇಲ್ಲ ಎನ್ನುತ್ತದೆ ಕುರ್‌ಆನ್. ವಲಾಯತ್ ಎಂದರೆ ಸ್ನೇಹ ಎಂದಾದರೆ, ಮಕ್ಕಾದಲ್ಲಿ ಹಿಂಸೆ ಅನುಭವಿಸುತ್ತಿದ್ದ ನಮ್ಮದೇ ಸಹೋದರರನ್ನು ಪ್ರೀತಿಸಬೇಡಿ ಎಂದು ಅಲ್ಲಾಹನು ಹೇಳಿದಂತಾಯಿತು! ಯಾವ ಮುಫಸ್ಸಿರ್ ಕೂಡ ಹಾಗೆ ಹೇಳಿಲ್ಲ. ಅಲ್ಲಿ ಮಾತು ರಕ್ಷಣೆಯ ಹೊಣೆಯದ್ದು. ಅದೇ ವಚನ ಮುಂದುವರಿದು, ಆ ಮುಸ್ಲಿಮರು ಧರ್ಮದ ವಿಷಯದಲ್ಲಿ ನೆರವು ಕೇಳಿದರೆ ನೆರವಾಗಿ, ಆದರೆ ನಿಮ್ಮೊಂದಿಗೆ ಒಪ್ಪಂದವಿರುವ ಜನರ ವಿರುದ್ಧ ಬೇಡ ಎಂದೂ ಹೇಳುತ್ತದೆ. ಕೊಟ್ಟ ಮಾತಿಗೆ ಇಸ್ಲಾಮಿನಲ್ಲಿ ಎಷ್ಟು ತೂಕವಿದೆ ಎಂಬುದು ಇಲ್ಲಿ ಕಾಣುತ್ತದೆ.

ಇನ್ನು 51ನೇ ವಚನದ ಹಿನ್ನೆಲೆ. ಇದರ ಬಗ್ಗೆ ಒಂದಕ್ಕಿಂತ ಹೆಚ್ಚು ವರದಿಗಳಿವೆ. ಹೆಚ್ಚು ಪ್ರಸಿದ್ಧವಾದದ್ದು ಹಝ್ರತ್ ಉಬಾದಃ ಬಿನ್ ಸಾಮಿತ್(ರ) ಅವರದ್ದು. ಮದೀನಾದ ಬನೂ ಕೈನುಕಾ ಗೋತ್ರದೊಂದಿಗೆ ಅವರಿಗೆ ಹಳೆಯ ಯುದ್ಧಮೈತ್ರಿ ಇತ್ತು. ಆ ಗೋತ್ರ ಪ್ರವಾದಿ(ಸ)ರ ವಿರುದ್ಧ ನಿಂತಾಗ ಉಬಾದಃ(ರ) ಆ ಮೈತ್ರಿಯನ್ನು ಕಳಚಿಕೊಂಡರು. ಕಪಟಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್ ಮಾತ್ರ, ಕಾಲಚಕ್ರ ತಿರುಗಿದರೆ ನನಗೆ ಯಾರು ದಿಕ್ಕು ಎಂಬ ಭಯದಲ್ಲಿ ಅದನ್ನು ಬಿಡಲಿಲ್ಲ. 52ನೇ ವಚನ ಈ ಭಯದ ಮಾತನ್ನೇ ಎತ್ತುತ್ತದೆ. ಹಿಜರಿ 310ರಲ್ಲಿ ನಿಧನರಾದ ಇಮಾಮ್ ಇಬ್ನು ಜರೀರ್ ತಬರಿ ಈ ವರದಿಗಳನ್ನೆಲ್ಲ ಎದುರಿಗಿಟ್ಟುಕೊಂಡು, ವಚನವನ್ನು ಒಂದೇ ಘಟನೆಗೆ ಕಟ್ಟಿಹಾಕದೆ ಅದರ ವಿಧಿ ಎಲ್ಲ ಸತ್ಯವಿಶ್ವಾಸಿಗಳಿಗೂ ಅನ್ವಯ ಎಂದಿದ್ದಾರೆ. ಆದರೆ ನಿಷೇಧ ಯಾವುದು? ವಿಶ್ವಾಸಿಗಳಿಗೆ ವಿರುದ್ಧವಾಗಿ ಅವರನ್ನು ಸಹಾಯಕರನ್ನಾಗಿ, ಮಿತ್ರಪಕ್ಷವನ್ನಾಗಿ ಮಾಡಿಕೊಳ್ಳುವುದು. ‘ವಿರುದ್ಧವಾಗಿ’ ಎಂಬ ಮಾತೇ ಇಲ್ಲಿ ಮುಖ್ಯ. ಸಾವಿರದ ನೂರು ವರ್ಷಗಳ ಹಿಂದಿನ ತಫ್ಸೀರ್ ಇದು, ಇಂದಿನ ಸೌಹಾರ್ದ ಸಭೆಯ ಭಾಷಣವಲ್ಲ.

ಅಲ್‌ಮಾಇದಃ ಸೂರಃವನ್ನೇ ಮೊದಲಿನಿಂದ ಓದಿಕೊಂಡು ಬನ್ನಿ. 5ನೇ ವಚನದಲ್ಲಿ ಗ್ರಂಥದವರ ಆಹಾರ ಹಲಾಲ್, ಅವರ ಶೀಲವತಿ ಸ್ತ್ರೀಯರೊಂದಿಗೆ ವಿವಾಹವೂ ಹಲಾಲ್ ಎನ್ನಲಾಗಿದೆ. (ಈ ವಿವಾಹಕ್ಕೆ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಬಿಗಿಯಾದ ಷರತ್ತುಗಳಿವೆ. ಅದು ಬೇರೆಯೇ ಪಾಠ.) ಪತಿಪತ್ನಿಯರ ನಡುವೆ ಪ್ರೇಮವನ್ನೂ ಕರುಣೆಯನ್ನೂ ಇಟ್ಟಿದ್ದೇನೆಂದು ಸೂರಃ ಅರ್ರೂಮ್‌ನಲ್ಲಿ ಅಲ್ಲಾಹನು ಹೇಳುತ್ತಾನೆ. ಮಕ್ಕಳ ತಾಯಿಯಾಗಿ ಮನೆಗೆ ಬರಬಹುದಾದವಳನ್ನು ಸ್ನೇಹದಿಂದ ಕಾಣಬಾರದು ಎಂದು ಅದೇ ಸೂರಃ ಹೇಳುವುದುಂಟೇ? 57ನೇ ವಚನಕ್ಕೆ ಬಂದಾಗ ಔಲಿಯಾ ಎಂಬ ಪದ ಮತ್ತೆ ಬರುತ್ತದೆ. ಯಾರನ್ನು ಹಾಗೆ ಮಾಡಿಕೊಳ್ಳಬಾರದು ಎಂಬುದೂ ಅಲ್ಲಿ ಬಿಡಿಸಿ ಹೇಳಲ್ಪಟ್ಟಿದೆ: ನಿಮ್ಮ ಧರ್ಮವನ್ನು ಗೇಲಿ ಮಾಡಿ ಆಟವಾಗಿಸಿಕೊಂಡವರನ್ನು.

ಆಲಿ ಇಮ್ರಾನ್ ಸೂರಃದ 118ನೇ ವಚನವನ್ನೂ ಹೀಗೆಯೇ ಕತ್ತರಿಸಿ ಕಳಿಸುತ್ತಾರೆ. ಅಲ್ಲಿರುವ ಪದ ‘ಬಿತಾನಃ’, ಉಡುಪಿನ ಒಳಪದರ ಎಂಬ ಅರ್ಥದ ಪದ. ಒಳಗುಟ್ಟು ಹೇಳಿಕೊಳ್ಳುವ ಆಪ್ತ ಎಂದಾಗುತ್ತದೆ. ನಿಮ್ಮನ್ನು ಕೆಡಿಸಲು ಏನೂ ಬಾಕಿ ಇಡದವರು, ನೀವು ಕಷ್ಟಕ್ಕೆ ಬೀಳುವುದನ್ನೇ ಬಯಸುವವರು ಎಂಬ ವಿವರಣೆ ಅದೇ ವಚನದಲ್ಲಿದೆ. ಅಂಥವರಿಗೆ ಮನೆಯ ಗುಟ್ಟು ಹೇಳಬೇಡಿ ಎಂದು ಯಾವ ತಂದೆಯೂ ಮಗನಿಗೆ ಹೇಳುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದುವರೆಗೆ ಹೇಳಿದ್ದೆಲ್ಲ ಯಹೂದಿ ಕ್ರೈಸ್ತರ ವಿಷಯ, ನಮ್ಮ ನೆರೆಯವರು ಹಿಂದೂಗಳಲ್ಲವೇ? ಇದಕ್ಕೆ ಉತ್ತರ ಸೂರಃ ಅಲ್‌ಮುಮ್ತಹನಃದಲ್ಲಿದೆ. ಈ ಸೂರಃ ಗ್ರಂಥದವರ ಕುರಿತು ಅವತೀರ್ಣವಾದದ್ದಲ್ಲ, ಮಕ್ಕಾದ ಬಹುದೇವಾರಾಧಕರ ಕುರಿತಾದದ್ದು. ಬದ್ರ್‌ನಲ್ಲಿ ಹೋರಾಡಿದ ಹಝ್ರತ್ ಹಾತಿಬ್(ರ) ಮಕ್ಕಾದಲ್ಲಿದ್ದ ತಮ್ಮ ಕುಟುಂಬಕ್ಕೆ ರಕ್ಷಣೆ ಸಿಗಲೆಂದು ಪ್ರವಾದಿ(ಸ)ರ ದಂಡಯಾತ್ರೆಯ ಸುದ್ದಿಯನ್ನು ಗುಟ್ಟಾಗಿ ಕುರೈಶರಿಗೆ ಬರೆದು ಕಳಿಸಿದರು. ಪತ್ರ ದಾರಿಯಲ್ಲೇ ಸಿಕ್ಕಿಬಿತ್ತು. ಪ್ರವಾದಿ(ಸ) ಅವರನ್ನು ಕ್ಷಮಿಸಿದರು. ಸೂರಃದ ಮೊದಲ ವಚನ ಈ ಸಂದರ್ಭದ್ದು. ಯುದ್ಧಕಾಲದಲ್ಲಿ ಶತ್ರುವಿಗೆ ಸುದ್ದಿ ಕೊಡುವುದನ್ನು ಅದು ತಡೆಯಿತು. 7ನೇ ವಚನಕ್ಕೆ ಬರುವಾಗ, ಇಂದು ನೀವು ಹಗೆ ಕಟ್ಟಿಕೊಂಡವರ ಮತ್ತು ನಿಮ್ಮ ನಡುವೆ ಅಲ್ಲಾಹನು ಪ್ರೀತಿ ಉಂಟುಮಾಡಬಹುದು ಎಂಬ ಆಸೆ ಹುಟ್ಟಿಸಲಾಗಿದೆ. ಅದರ ನಂತರ ಬರುವ 8ನೇ ವಚನವನ್ನು ನಮ್ಮ ಪ್ರತಿಯೊಂದು ಮನೆಯಲ್ಲೂ ಅರ್ಥಸಹಿತ ಓದಬೇಕು. ಧರ್ಮದ ಕಾರಣಕ್ಕೆ ನಿಮ್ಮೊಂದಿಗೆ ಯುದ್ಧ ಮಾಡದ, ನಿಮ್ಮನ್ನು ಮನೆಗಳಿಂದ ಹೊರಹಾಕದ ಜನರಿಗೆ ಒಳಿತು ಮಾಡುವುದನ್ನೂ ನ್ಯಾಯ ಪಾಲಿಸುವುದನ್ನೂ ಅಲ್ಲಾಹನು ತಡೆಯುವುದಿಲ್ಲ, ನ್ಯಾಯ ಪಾಲಿಸುವವರನ್ನು ಅವನು ಪ್ರೀತಿಸುತ್ತಾನೆ ಎಂಬುದು ಅದರ ಸಾರ. ಒಳಿತು ಎಂಬಲ್ಲಿ ಬಂದಿರುವುದು ‘ಬಿರ್ರ್’ ಎಂಬ ಪದ. ತಂದೆತಾಯಿಗೆ ನಾವು ಸಲ್ಲಿಸಬೇಕಾದದ್ದಕ್ಕೂ ಅದೇ ಹೆಸರು, ಬಿರ್ರುಲ್ ವಾಲಿದೈನ್.

ಪದ ಹೇಗೆ ಆಚರಣೆಗೆ ಬಂತು ಎಂಬುದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಕುರೈಶರೊಂದಿಗೆ ಒಪ್ಪಂದವಿದ್ದ ಕಾಲದಲ್ಲಿ ಹಝ್ರತ್ ಅಸ್ಮಾ ಬಿಂತ್ ಅಬೀಬಕರ್(ರ) ಅವರ ತಾಯಿ ಮಗಳನ್ನು ನೋಡಲು ಮದೀನಾಕ್ಕೆ ಬಂದರು. ಆಕೆ ಇಸ್ಲಾಮ್ ಸ್ವೀಕರಿಸಿರಲಿಲ್ಲ. ತಾಯಿ ತುಪ್ಪ ಮುಂತಾದ ಕಾಣಿಕೆಗಳನ್ನು ತಂದಿದ್ದರೆಂದೂ, ಪ್ರವಾದಿ(ಸ)ರನ್ನು ಕೇಳದೆ ಅಸ್ಮಾ(ರ) ಅವನ್ನು ಮುಟ್ಟಲಿಲ್ಲ, ತಾಯಿಯನ್ನು ಒಳಗೂ ಕರೆಯಲಿಲ್ಲವೆಂದೂ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿದೆ. ತಾಯಿಯೊಂದಿಗೆ ಸಂಬಂಧ ಉಳಿಸಿಕೊಳ್ಳಬೇಕೆಂದು ಪ್ರವಾದಿ(ಸ) ಆಜ್ಞಾಪಿಸಿದರು. ತಾಯಿ ಬಾಗಿಲಲ್ಲಿ ನಿಂತಿದ್ದಾಳೆ, ಮಗಳು ಒಳಗೆ ಧರ್ಮಸಂಕಟದಲ್ಲಿದ್ದಾಳೆ. ನಮ್ಮ ಸಹೋದರಿಯರು ಈ ಹದೀಸನ್ನು ಕೇಳಿದಾಗ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಈ 8ನೇ ವಚನ ನಂತರದ ಯುದ್ಧವಚನಗಳಿಂದ ರದ್ದಾಯಿತು ಎಂದು ಕತಾದಃ ಮುಂತಾದ ಕೆಲವು ಹಿಂದಿನವರು ಹೇಳಿದ್ದುಂಟು. ಅದನ್ನು ಮುಚ್ಚಿಡಬೇಕಾಗಿಲ್ಲ. ತಬರಿ ಆ ಅಭಿಪ್ರಾಯವನ್ನು ಉಲ್ಲೇಖಿಸಿಯೇ ಅದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಿದ್ದಾರೆ. ಯಾವ ಧರ್ಮದವರಾಗಲಿ, ಯುದ್ಧಕ್ಕೆ ನಿಲ್ಲದವರೆಲ್ಲರೂ ಈ ವಚನದೊಳಗೆ ಬರುತ್ತಾರೆ ಎಂಬುದೇ ಅವರಿಗೆ ಸರಿಯೆಂದು ಕಂಡದ್ದು. ನಮಗೂ ಅದೇ ಸರಿ.

ಯುವಕರು ಕೆಲವರು ಇಲ್ಲಿ ನಮ್ಮನ್ನು ತಡೆದು 9ನೇ ವಚನವನ್ನು ಓದುತ್ತಾರೆ: ಯುದ್ಧ ಮಾಡಿದವರನ್ನು, ಮನೆಗಳಿಂದ ಓಡಿಸಿದವರನ್ನು, ಓಡಿಸಲು ನೆರವಾದವರನ್ನು ಔಲಿಯಾ ಮಾಡಿಕೊಳ್ಳಬಾರದು ಎಂದಿದೆಯಲ್ಲ, ಇಲ್ಲಿ ನಮ್ಮ ಮೇಲೆ ಕತ್ತಿ ಎತ್ತಿದವರಿಲ್ಲವೇ ಎನ್ನುತ್ತಾರೆ. ಇದ್ದಾರೆ. ಆದರೆ ವಚನ ಹೇಳುತ್ತಿರುವುದು ಮಾಡಿದವನ ಮತ್ತು ಅವನಿಗೆ ನೆರವಾದವನ ಬಗ್ಗೆ, ಅವನ ಜಾತಿಯವರೆಲ್ಲರ ಬಗ್ಗೆ ಅಲ್ಲ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಸೂರಃ ಅಲ್‌ಅನ್‌ಆಮ್‌ನ 164ನೇ ವಚನದ ತತ್ವ. ಕೊಲೆಗಾರನ ವಿಚಾರಣೆಗೆ ನ್ಯಾಯಾಲಯವಿದೆ. ಎದುರುಮನೆಯ ಶಿಕ್ಷಕಿ ಏನು ಮಾಡಿದಳು? ಮನೆಗಳಿಂದ ಹೊರಹಾಕಲ್ಪಟ್ಟವರ ಮಾತು ಬಂದಾಗ ನಮಗೆ ಕಾಟಿಪಳ್ಳ, ಕೃಷ್ಣಾಪುರ ನೆನಪಾಗುತ್ತವೆ. ನವಮಂಗಳೂರು ಬಂದರಿಗಾಗಿ ಪಣಂಬೂರು ಕಡೆಯ ಮನೆ, ಗದ್ದೆ ಬಿಟ್ಟುಬಂದವರಿಗೆ ಅಲ್ಲಿ ಜಾಗ ಕೊಟ್ಟರು. ಇಂದಿಗೂ ಅಲ್ಲಿ ವಿಳಾಸ ಹೇಳುವುದು ಬ್ಲಾಕ್ ನಂಬರಿನಿಂದ. ಆ ಒಕ್ಕಲೆಬ್ಬಿಸುವಿಕೆಯಲ್ಲಿ ಹಿಂದೂಗಳೂ ಇದ್ದರು, ನಾವೂ ಇದ್ದೆವು.

ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವ್ಯಾಪಾರಿಯ ಹೆಸರು ಸೇರಿಕೊಂಡಿರುವುದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಆರಾಧನಾಲಯದ ವಿಷಯದಲ್ಲಿ ನಮ್ಮ ಅಖೀದಃ ಏನೆಂಬುದು ಓದುಗರಿಗೆ ತಿಳಿದೇ ಇದೆ. ಆದರೂ ಆ ಐತಿಹ್ಯವನ್ನು ಹಿಂದೂಗಳೇ ತಲೆಮಾರುಗಳಿಂದ ಅಭಿಮಾನದಿಂದ ಹೇಳಿಕೊಂಡು ಬಂದಿದ್ದಾರೆ ಎಂಬುದನ್ನು ಗಮನಿಸಬೇಕು. ಅದೇ ಬಪ್ಪನಾಡಿನ ಜಾತ್ರೆಯಲ್ಲಿ 2022ರ ಮಾರ್ಚ್‌ನಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರ್ ಬಿತ್ತು. ಬಳೆ, ಆಟಿಕೆ, ಐಸ್‌ಕ್ರೀಮ್ ಮಾರಿ ಬದುಕುವವರ ಹೊಟ್ಟೆಗೆ ಬಿದ್ದ ಪೆಟ್ಟು ಅದು. ನೋವಾಯಿತು ಎಂದು ಹೇಳಲು ನಮಗೆ ಸಂಕೋಚವಿಲ್ಲ. ಅದಕ್ಕೆ ಪ್ರತಿಯಾಗಿ ನಾವೂ ಅವರ ಅಂಗಡಿಗೆ ಹೋಗುವುದು ಬೇಡ ಎಂಬ ಮಾತು ಎದ್ದಾಗ ನಾವು ನೋಡಬೇಕಾದದ್ದು ಮತ್ತೆ ಅಲ್‌ಮಾಇದಃವನ್ನೇ. ಮಸ್ಜಿದುಲ್ ಹರಾಮ್‌ಗೆ ಹೋಗದಂತೆ ನಿಮ್ಮನ್ನು ತಡೆದವರ ಮೇಲಿನ ಸಿಟ್ಟು ಕೂಡ ನಿಮ್ಮನ್ನು ಮಿತಿಮೀರುವಂತೆ ಮಾಡದಿರಲಿ ಎನ್ನುತ್ತದೆ 2ನೇ ವಚನ. ಯಾವುದೇ ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎನ್ನುತ್ತದೆ 8ನೇ ವಚನ.

ಪ್ರವಾದಿ(ಸ)ರ ಜೀವನದಿಂದ ಒಂದೆರಡು ಉದಾಹರಣೆ ಸಾಕು. ಹಿಜ್ರತ್‌ನ ಆ ಅಪಾಯದ ರಾತ್ರಿಗಳಲ್ಲಿ ದಾರಿ ತೋರಿಸಲು ಅವರು ಗೊತ್ತುಮಾಡಿದ್ದು ಕುರೈಶರ ಧರ್ಮದಲ್ಲೇ ಇದ್ದ ಒಬ್ಬನನ್ನು. ತಲೆಗೆ ಬಹುಮಾನ ಕಟ್ಟಿದ್ದ ಹೊತ್ತಿನಲ್ಲಿ ಒಂಟೆಗಳನ್ನು ಅವನ ಕೈಗೆ ಒಪ್ಪಿಸಿದರು. ತಾಯಿಫ್‌ನಿಂದ ಗಾಯಗೊಂಡು ಮರಳಿದಾಗ ಮಕ್ಕಾದಲ್ಲಿ ಆಶ್ರಯ ಕೊಟ್ಟ ಮುತ್‌ಇಮ್ ಬಿನ್ ಅದೀ ಕೊನೆಗೂ ಮುಸ್ಲಿಮನಾಗಲಿಲ್ಲ. ಬದ್ರ್‌ನ ನಂತರ, ಇಂದು ಮುತ್‌ಇಮ್ ಬದುಕಿದ್ದು ಈ ಕೈದಿಗಳಿಗಾಗಿ ಒಂದು ಮಾತು ಕೇಳಿದ್ದರೆ ಅವನಿಗಾಗಿ ಎಲ್ಲರನ್ನೂ ಬಿಟ್ಟುಬಿಡುತ್ತಿದ್ದೆ ಎಂಬ ಅರ್ಥದಲ್ಲಿ ಪ್ರವಾದಿ(ಸ) ಅವನನ್ನು ನೆನೆದರು. ಉಪಕಾರವನ್ನು ಅಷ್ಟು ವರ್ಷ ನೆನಪಿಟ್ಟುಕೊಂಡರು.

ಹಾಗಾದರೆ ಗಡಿಯೇ ಇಲ್ಲವೇ? ಇದೆ. ಆರಾಧನೆಯಲ್ಲಿ ನಾವು ಪಾಲುಗೊಳ್ಳುವುದಿಲ್ಲ. ಇದನ್ನು ಮುಖ ಗಂಟಿಕ್ಕದೆ ಹೇಳಲು ಕಲಿಯಬೇಕು. ನಮ್ಮ ನೆರೆಯವರಲ್ಲಿ ಹೆಚ್ಚಿನವರು ಅದನ್ನು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ಹಬ್ಬದ ತಿಂಡಿಯ ಬಗ್ಗೆ ತಾಯಂದಿರು ಹೆಚ್ಚಾಗಿ ಕೇಳುತ್ತಾರೆ. ಅಗ್ನಿಪೂಜಕ ನೆರೆಯವರು ಹಬ್ಬದ ದಿನ ಕಾಣಿಕೆ ಕಳಿಸುತ್ತಾರೆಂದು ಒಬ್ಬ ಮಹಿಳೆ ಹಝ್ರತ್ ಆಯಿಶಾ(ರ)ರನ್ನು ಕೇಳಿದ್ದರು. ಆ ದಿನಕ್ಕಾಗಿ ಕೊಯ್ದ ಮಾಂಸ ತಿನ್ನಬೇಡಿ, ಹಣ್ಣುಗಳನ್ನು ತಿನ್ನಿ ಎಂಬ ಉತ್ತರ ಬಂದದ್ದು ಇಬ್ನು ಅಬೀಶೈಬಃದ ಸಂಗ್ರಹದಲ್ಲಿದೆ. ಪೂಜೆಗೆ ಅರ್ಪಿಸಿದ ತಿನಿಸುಗಳ ಬಗ್ಗೆ ಸಂಶಯವಿದ್ದರೆ ನಿಮ್ಮ ಮಹಲ್ಲಿನ ಉಸ್ತಾದರನ್ನು ಕೇಳಿ. ತಟ್ಟೆ ಹಿಡಿದು ಬಂದವರನ್ನು ಮಾತ್ರ ಬಾಗಿಲಿನಿಂದ ಹಿಂದೆ ಕಳಿಸಬೇಡಿ. ಪೆರ್ನಾಲಿಗೆ ನೆಯ್ಚೋರು ಮಾಡಿದಾಗ ಮೊದಲು ನೆನಪಾಗಬೇಕಾದ್ದು ಪಕ್ಕದ ಮನೆ. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ಆಡು ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸುತ್ತಿದ್ದರು. ಅವರ ನೆರೆಯವರು ಸಸ್ಯಾಹಾರಿಗಳಾಗಿರಲಿಲ್ಲ. ನಮ್ಮವರು ಆಗಿದ್ದರೆ ಹಣ್ಣು, ಸಿಹಿ ಕಳಿಸೋಣ.

ಸಾವಿನ ಮನೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ, ಏಕೆಂದರೆ ಈ ಊರಲ್ಲಿ ಅದನ್ನು ಕೇಳುವವರು ಹೆಚ್ಚು. ಇಮಾಮ್ ನವವಿಯವರ ಮಿನ್‌ಹಾಜ್ ನಮ್ಮ ದರ್ಸ್‌ಗಳಲ್ಲಿ ಓದುವ ಕಿತಾಬು. ಅದರ ಜನಾಝದ ಅಧ್ಯಾಯದಲ್ಲಿ, ಮುಸ್ಲಿಮನ ಸಾವಿಗಾಗಿ ಅವನ ಮುಸ್ಲಿಮೇತರ ಬಂಧುವಿಗೆ ಸಾಂತ್ವನ ಹೇಳುವಾಗ ಯಾವ ಮಾತು ಬಳಸಬೇಕು, ಮುಸ್ಲಿಮೇತರ ಬಂಧುವನ್ನು ಕಳೆದುಕೊಂಡ ಮುಸ್ಲಿಮನಿಗೆ ಯಾವುದು ಎಂದು ಬೇರೆ ಬೇರೆಯಾಗಿ ಬರೆದಿದೆ. ಎರಡು ಧರ್ಮದವರು ಒಂದೇ ಸಾವಿಗೆ ಅಳುವ ಮನೆಗಳನ್ನು ಕಂಡವರೇ ಆ ಸಾಲುಗಳನ್ನು ಬರೆದಿರಬೇಕು. ಯಹೂದಿಯೊಬ್ಬನ ಶವ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತರು, ಅದೂ ಒಂದು ಜೀವವಲ್ಲವೇ ಎಂದು ಕೇಳಿದರು. ಆದುದರಿಂದ ನೆರೆಯ ಹಿಂದೂ ಮನೆಯಲ್ಲಿ ಮರಣವಾದರೆ ಹೋಗಿ. ಅಂತ್ಯಕ್ರಿಯೆಯ ಧಾರ್ಮಿಕ ವಿಧಿಗಳಲ್ಲಿ ಸೇರಬೇಕಾಗಿಲ್ಲ. ಮನೆಯವರ ಬಳಿ ಕುಳಿತುಕೊಳ್ಳಿ, ಬಂದವರಿಗೆ ಕುರ್ಚಿ ಹಾಕಿ, ಆಂಬುಲೆನ್ಸ್ ಬೇಕಿದ್ದರೆ ವ್ಯವಸ್ಥೆ ಮಾಡಿ. ಊರಲ್ಲಿ ಬಿಗುವಿನ ವಾತಾವರಣವಿದ್ದರೆ ಒಬ್ಬರೇ ಹೋಗದೆ ಜಮಾಅತ್‌ನ ಇಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಂಡು, ಬರುತ್ತಿದ್ದೇವೆಂದು ಮೊದಲೇ ಫೋನ್ ಮಾಡಿ ಹೋಗಿ.