ನಿಮಗಿದು ಗೊತ್ತೇ? ಥೈರಾಯ್ಡ್ ಗುಳಿಗೆ ಶುರುವಾದರೂ ನಿಲ್ಲದ ಘಾಬರಿ

ಬಸವಕಲ್ಯಾಣ, ಹುಮನಾಬಾದ್ ಕಡೆ ‘ಎದಿ ಢವಢವ ಅಂತದ, ಕೈ ನಡಗತಾವ, ಸುಮ್ಮಸುಮ್ಮನ ಘಾಬರಿ ಆಗ್ತದ’ ಅಂದರೆ ಮನೆಮಂದಿಯಿಂದ ಬರುವ ಮೊದಲ ಮಾತು ‘ಭಾಳ ವಿಚಾರ ಮಾಡಬ್ಯಾಡ’. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಇವೇ ಲಕ್ಷಣಗಳು. ವಿಚಾರ ಬಿಟ್ಟ ಮಾತ್ರಕ್ಕೆ ಹಾರ್ಮೋನು ಇಳಿಯದು.

ಹೀಗೆ ಥೈರಾಯ್ಡ್ ಹೆಚ್ಚಾಗುವ ಗ್ರೇವ್ಸ್ ಕಾಯಿಲೆಯನ್ನು 1835ರಲ್ಲಿ ವಿವರಿಸಿದ ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ ಬರೆದ ರೋಗಿಗಳಲ್ಲಿ 20 ವರ್ಷದ ಒಬ್ಬಾಕೆ ಇದ್ದಳು. ಅವಳದ್ದನ್ನೂ ಮೊದಲು ಮನಸ್ಸಿನ ಉದ್ವೇಗ ಎಂದೇ ತಿಳಿದಿದ್ದರು. ಹೆಂಗಸರಿಗೇ ಈ ಕಾಯಿಲೆ ಹೆಚ್ಚು, ಹೆಂಗಸರ ಮಾತನ್ನೇ ಹೀಗೆ ತಳ್ಳಿಹಾಕುವುದೂ ಹೆಚ್ಚು.

ಬರೀ ಆತಂಕವೋ, ಥೈರಾಯ್ಡೋ ಎಂದು ಗುರುತಿಸಲು ಹಳೆಯ ಸುಳಿವುಗಳಿವೆ. ಬರೀ ಆತಂಕವಿದ್ದರೆ ಬೆವೆತ ಅಂಗೈ ಸಾಮಾನ್ಯವಾಗಿ ತಣ್ಣಗಿರುತ್ತದೆ, ಥೈರಾಯ್ಡ್ ಹೆಚ್ಚಿದ್ದರೆ ಬೆಚ್ಚಗಿರುತ್ತದೆ. ಆತಂಕದ ನಾಡಿ ನಿದ್ದೆಯಲ್ಲಿ ತಣಿಯುತ್ತದೆ, ಥೈರಾಯ್ಡಿನದು ನಿದ್ದೆಯಲ್ಲೂ ಓಡುತ್ತಿರುತ್ತದೆ. ಹೊಟ್ಟೆತುಂಬ ರೊಟ್ಟಿ ಉಂಡರೂ ತೂಕ ಇಳಿಯುವುದು ಇನ್ನೊಂದು ಗುರುತು. ಸೆಕೆ ತಡೆಯಲಾಗದಿರುವುದೂ ಲಕ್ಷಣವೇ, ಆದರೆ ಬೀದರ್ ಜಿಲ್ಲೆಯ ಮೇ ತಿಂಗಳಲ್ಲಿ ಅದು ಕಣ್ತಪ್ಪುತ್ತದೆ. ಖಾತ್ರಿ ಮಾಡುವುದು ರಕ್ತಪರೀಕ್ಷೆ.

ಗುಳಿಗೆ ಶುರುವಾಗಿ ಹದಿನೈದು ದಿನವಾದರೂ ಘಾಬರಿ ಹೋಗಿಲ್ಲವೇ? ಕಾರ್ಬಿಮಝೋಲ್, ಮೆಥಿಮಝೋಲ್ ಮಾತ್ರೆಗಳು ತಡೆಯುವುದು ಹೊಸ ಹಾರ್ಮೋನಿನ ತಯಾರಿಯನ್ನಷ್ಟೇ. ಗ್ರಂಥಿಯೊಳಗೆ ಮೊದಲೇ ವಾರಗಟ್ಟಲೆಯ ದಾಸ್ತಾನಿರುತ್ತದೆ. ಈ ವರ್ಷ ಬಿತ್ತದಿದ್ದರೂ ಹಗೇವಿನ ಜೋಳ ಮುಗಿಯಲು ದಿನ ಹಿಡಿಯುತ್ತದಲ್ಲ, ಹಾಗೆ. ರಕ್ತಕ್ಕಿಳಿದ ಥೈರಾಯ್ಡ್ ಹಾರ್ಮೋನು ಟಿ4 ಅರ್ಧವಾಗಲು ಸಾಮಾನ್ಯರಲ್ಲಿ ಸುಮಾರು 7 ದಿನ, ಥೈರಾಯ್ಡ್ ಹೆಚ್ಚಿದ್ದವರಲ್ಲಿ 3–4 ದಿನ ಬೇಕು. ಹೀಗಾಗಿ ಒಳ್ಳೆಯ ಗುಣ ಕಾಣಲು ಸಾಮಾನ್ಯವಾಗಿ 3ರಿಂದ 6 ವಾರ, ಕೆಲವರಿಗೆ ಇನ್ನೂ ಹೆಚ್ಚು. ಇದನ್ನು ರೋಗಿಗೆ ಮೊದಲ ದಿನವೇ ಹೇಳಬೇಕು. ಹೇಳದಿದ್ದರೆ ‘ಔಷಧ ಹತ್ತಲಿಲ್ಲ’ ಎಂದು ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ.

ಆ ನಡುವಿನ ವಾರಗಳಿಗೆಂದೇ ವೈದ್ಯರು ಪ್ರೊಪ್ರನಲಾಲ್ ಕೊಡುವುದುಂಟು. ಎದೆಬಡಿತ, ಕೈನಡುಕ ಬೇಗ ತಗ್ಗುತ್ತವೆ. ಇದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಪಡೆದವರಲ್ಲೊಬ್ಬರು. ಅಸ್ತಮಾ ಇದ್ದವರಿಗೆ ಈ ಮಾತ್ರೆ ಅಪಾಯಕಾರಿ, ಮೊದಲೇ ಹೇಳಿ. ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು.

ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಸರಿಹೋದ ಮೇಲೂ, ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ತಿಂಗಳುಗಟ್ಟಲೆ ಕೆಳಗೇ ಇರಬಹುದು. ರಿಪೋರ್ಟಿನ ಆ ಒಂದು ಸಾಲು ನೋಡಿ ಹೆದರಬೇಡಿ.

ಈ ಭಾಗದವರು ಒಮ್ಮೆ ಬೀದರ್, ಒಮ್ಮೆ ಸೊಲ್ಲಾಪುರ, ಮತ್ತೊಮ್ಮೆ ಹೈದರಾಬಾದ್ ಎಂದು ಡಾಕ್ಟರ್ ಬದಲಿಸುವುದಿದೆ. ಆಗ ಹಳೆಯ ಚೀಟಿ ಜೊತೆಗಿರಲಿ. ಮಾತ್ರೆ ಬದಲಾದರೆ ಪ್ರಮಾಣದ ಅಂಕಿಯೂ ಬದಲಾಗುತ್ತದೆ: 10 ಮಿಲಿಗ್ರಾಂ ಕಾರ್ಬಿಮಝೋಲ್ ಸುಮಾರು 6 ಮಿಲಿಗ್ರಾಂ ಮೆಥಿಮಝೋಲಿಗೆ ಸಮ.

ಮನೆಯಲ್ಲಿ ಇನ್ನೊಬ್ಬರ ‘ಥೈರಾಯ್ಡ್ ಗುಳಿಗಿ’ ಇದೆಯೇ? ಅದು ಲಿವೊಥೈರಾಕ್ಸಿನ್ ಆಗಿದ್ದರೆ ಅದರ ಕೆಲಸ ಹಾರ್ಮೋನು ತುಂಬುವುದು. ನೀವು ನುಂಗಿದರೆ ಘಾಬರಿ ಏರುತ್ತದೆ.

ಕಾರ್ಬಿಮಝೋಲ್ ಅಥವಾ ಮೆಥಿಮಝೋಲ್ ತೆಗೆದುಕೊಳ್ಳುವಾಗ ಜ್ವರದ ಜೊತೆ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಂಡು ಬಿಳಿರಕ್ತಕಣಗಳ ಎಣಿಕೆ ಮಾಡಿಸಿ. ಈ ಮಾತ್ರೆಗಳಿಂದ ಆ ಕಣಗಳು ಕುಸಿಯುವುದು ಅಪರೂಪ, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಗರ್ಭಿಣಿಯಾದರೆ, ಆಗಬೇಕೆಂದಿದ್ದರೆ ಕೂಡಲೇ ತಿಳಿಸಿ, ಔಷಧ ಬದಲಿಸಬೇಕಾದೀತು. ತೀವ್ರ ಜ್ವರ, ವಿಪರೀತ ಎದೆಬಡಿತ, ಮಾತಿನಲ್ಲಿ ಗೊಂದಲ ಒಟ್ಟಿಗೆ ಕಂಡರೆ 108ಕ್ಕೆ ಕರೆ ಮಾಡಿ.

ಕಡಕ್ ಚಹಾದ ಕೆಫೀನ್ ನಡುಕವನ್ನೂ ನಿದ್ದೆಗೇಡನ್ನೂ ಹೆಚ್ಚಿಸುತ್ತದೆ. ಗುಣವಾಗುವವರೆಗೆ ಕಡಿಮೆ ಮಾಡಿ, ಸಂಜೆಯದನ್ನಂತೂ ಬಿಡಿ. ಬೀಡಿ, ಸಿಗರೇಟು ಗ್ರೇವ್ಸ್ ಕಾಯಿಲೆಯ ಕಣ್ಣಿನ ತೊಂದರೆಯನ್ನು ಕೆಡಿಸುತ್ತವೆ.

ಹಾರ್ಮೋನು ಹದಕ್ಕೆ ಬಂದು ತಿಂಗಳುಗಳಾದರೂ ಕೆಲವರಲ್ಲಿ ಆತಂಕ ಉಳಿಯುತ್ತದೆ. ಆಗ ಅದಕ್ಕೇ ಚಿಕಿತ್ಸೆ ಬೇಕು, ಮಾತಿನ ಚಿಕಿತ್ಸೆ ಅಥವಾ ಔಷಧ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆ ಕರ್ನಾಟಕದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರವೆಂದು ಕೇಳಿಕೊಳ್ಳಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿದಾಗ ಥೈರಾಯ್ಡ್ ಚಿಕಿತ್ಸೆ ನಡೆದಿದೆ ಎಂಬುದನ್ನೂ ನುಂಗುತ್ತಿರುವ ಗುಳಿಗೆಗಳ ಹೆಸರನ್ನೂ ಮೊದಲೇ ಹೇಳಿ.