ಆಪರೇಷನ್ ಆದ ಮಗುವಿಗೆ ನೋವಿನ ಔಷಧಿ ಕೊಡಬಾರದಾ? ಸತ್ಯ ಇಲ್ಲಿದೆ

ಕಾಮಾಕ್ಷಿಪಾಳ್ಯದ ತಾಯಿಯೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳುಹಿಸಿ "ಇದು ನಿಜವಾ?" ಎಂದು ಕೇಳಿದ್ದಾರೆ. ಅವರ ಎರಡು ವರ್ಷದ ಮಗನಿಗೆ ಹರ್ನಿಯಾ ಆಪರೇಷನ್ ಆಗಿದೆ. ಮನೆಗೆ ಬಂದ ರಾತ್ರಿ ಮಗು ಅಳದೆ, ಹಾಲೂ ಕುಡಿಯದೆ ಮುದುಡಿ ಮಲಗಿತ್ತು. ಫಾರ್ವರ್ಡ್ ನಂಬಿ ಅವರು ಸಿರಪ್ ಕೊಟ್ಟಿರಲಿಲ್ಲ.

ಫಾರ್ವರ್ಡ್‌ನಲ್ಲಿ ಏನಿದೆ?

"ಚಿಕ್ಕ ಮಕ್ಕಳಿಗೆ ಅಷ್ಟಾಗಿ ನೋವು ಗೊತ್ತಾಗಲ್ಲ. ನೋವಿನ ಔಷಧಿ ಕೊಟ್ಟರೆ ಅದೇ ಚಟವಾಗುತ್ತೆ."

ಸತ್ಯ ಏನು?

ಎರಡೂ ತಪ್ಪು. ಹಸುಗೂಸಿಗೆ ನೋವಿಲ್ಲ ಎಂದು ಒಂದು ಕಾಲಕ್ಕೆ ವೈದ್ಯರೇ ನಂಬಿದ್ದರು. 1987ರಲ್ಲಿ ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬದಲಿಸಿತು. ಆಪರೇಷನ್ ವೇಳೆ ಬಲವಾದ ನೋವುನಿವಾರಕ ಪಡೆದ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ತೊಂದರೆಗಳು ಕಡಿಮೆ ಇದ್ದವು.

ವೈದ್ಯರು ಬರೆದಂತೆ ಕೆಲವು ದಿನ ಪ್ಯಾರಸಿಟಮಾಲ್ ಕೊಟ್ಟರೆ ಚಟವಾಗುವುದಿಲ್ಲ. ನೋವು ತಡೆದುಕೊಂಡ ಮಗುವೇ ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ ಚೇತರಿಕೆ ನಿಧಾನವಾಗುತ್ತದೆ. ಅಳುವುದೊಂದೇ ನೋವಿನ ಗುರುತಲ್ಲ. ಮುಖ ಕಿವುಚುವುದು, ಕಾಲು ಮಡಚಿಕೊಳ್ಳುವುದು, ಆಟ ಬಿಟ್ಟು ಸುಮ್ಮನಾಗುವುದೂ ನೋವೇ.

ಹಾಗಾದರೆ ಏನು ಮಾಡಬೇಕು?

* ಮೊದಲ ಒಂದೆರಡು ದಿನ ಮಗು ಅಳುವವರೆಗೆ ಕಾಯಬೇಡಿ. ಡಿಸ್ಚಾರ್ಜ್ ಚೀಟಿಯಲ್ಲಿರುವ ಸಮಯಕ್ಕೆ ಕೊಡಿ.
* ಡೋಸ್ ವಯಸ್ಸಿನ ಲೆಕ್ಕವಲ್ಲ, ತೂಕದ ಲೆಕ್ಕ. ಪ್ಯಾರಸಿಟಮಾಲ್ ಸಾಮಾನ್ಯವಾಗಿ ಕೆ.ಜಿ.ಗೆ 15 ಮಿ.ಗ್ರಾಂವರೆಗೆ. 12 ಕೆ.ಜಿ. ಮಗುವಿಗೆ 180 ಮಿ.ಗ್ರಾಂ.
* ಬಾಟಲಿ ಓದಿ. 5 ಮಿ.ಲೀ.ಗೆ 120 ಮಿ.ಗ್ರಾಂ ಇರುವ ಸಿರಪ್ ಆದರೆ ಈ ಮಗುವಿಗೆ 7.5 ಮಿ.ಲೀ. ಆದರೆ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುತ್ತದೆ. ಸಿರಪ್ ಎಂದುಕೊಂಡು ಅದನ್ನೇ 7.5 ಮಿ.ಲೀ. ಕುಡಿಸಿದರೆ ಡೋಸ್ ನಾಲ್ಕು ಪಟ್ಟು ಮೀರುತ್ತದೆ. ಹೆಚ್ಚಾದರೆ ಲಿವರ್‌ಗೆ ಅಪಾಯ.
* ಅಡುಗೆ ಮನೆ ಚಮಚ ಬೇಡ. ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ.
* ಶೀತದ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಇರಬಹುದು. ಕೇಳದೆ ಎರಡನ್ನೂ ಕೊಡಬೇಡಿ.
* ಮನೆಯಲ್ಲಿರುವ ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ 2011ರಲ್ಲೇ ನಿಷೇಧಿಸಿದೆ. ಆಸ್ಪಿರಿನ್ ಕೂಡ ಬೇಡ.

ಎತ್ತಿಕೊಳ್ಳುವುದು, ಎದೆಹಾಲು, ಕಥೆ, ಆಟಿಕೆ ನೋವು ಮರೆಸಲು ನೆರವಾಗುತ್ತವೆ. ಆದರೆ ಔಷಧಿಯ ಬದಲಿಗಲ್ಲ.

ಔಷಧಿ ಕೊಟ್ಟರೂ ನೋವು ಹೆಚ್ಚಾದರೆ, ಜ್ವರ, ಪದೇ ಪದೇ ವಾಂತಿ, ಗಾಯದಲ್ಲಿ ಕೀವು ಕಂಡರೆ, ಮೂತ್ರ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ತೀರ್ಮಾನ: ಫಾರ್ವರ್ಡ್ ಸುಳ್ಳು. ಅದು ನಿಮ್ಮ ಗ್ರೂಪಿಗೂ ಬಂದಿದ್ದರೆ, ಇದನ್ನು ಅಲ್ಲೇ ಹಂಚಿಕೊಳ್ಳಿ.