ಇಳಿವಯಸ್ಸಿನಲ್ಲಿ ಪರರಾಜ್ಯವಾಸ

ಭಾರತದ ಯಾವ ಭಾಗದಲ್ಲಾದರೂ ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗಿತ್ತಿದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವುದು, ಹನ್ನೆರಡು ತಿಂಗಳು ಮೀರಿದರೆ ವಾಹನಕ್ಕೆ ಆ ರಾಜ್ಯದ ಸಂಖ್ಯೆ ಪಡೆಯುವುದು, ಇವೆಲ್ಲ ಅಲೆದಾಟದಿಂದ ಮುಗಿಯುವ ಕೆಲಸಗಳು. ಕಷ್ಟವಿರುವುದು ಬೇರೆಡೆ.

ಬಿ. ಎಂ. ಶ್ರೀಕಂಠಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಿಂದ ನಿವೃತ್ತರಾದರು. ಆಮೇಲೆ ಧಾರವಾಡಕ್ಕೆ ತೆರಳಿ ಕಾಲೇಜೊಂದರ ಪ್ರಾಂಶುಪಾಲರಾದರು. 1946ರಲ್ಲಿ ಅಲ್ಲಿಯೇ ತೀರಿಕೊಂಡರು. ಧಾರವಾಡ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ಸಂಸ್ಥಾನದವರಿಗೆ ಅದು ಪರರಾಜ್ಯವೇ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕನ್ನಡ ಕಲಿಸಿ ಧಾರವಾಡಕ್ಕೆ ಮರಳಿದರು. ಇಬ್ಬರಿಗೂ ಹೋದಲ್ಲಿ ಕನ್ನಡದ ಕೆಲಸ ಕಾದಿತ್ತು.

ಮೈಸೂರಿನಲ್ಲಿರುವ ನನ್ನನ್ನು ಮಗ ಪುಣೆಗೆ ಕರೆಯುತ್ತಿದ್ದಾನೆ. ಅಲ್ಲಿ ನನಗೆ ಕಾದಿರುವುದೇನು? ಮಗನ ಅಕ್ಕರೆ, ಸೊಸೆಯ ಆದರ, ಒಳ್ಳೆಯ ವೈದ್ಯರು. ಇವು ಸಣ್ಣವಲ್ಲ, ಕಳೆದ ವರ್ಷ ಮನೆಯಾಕೆಯನ್ನು ಕಳೆದುಕೊಂಡ ಮೇಲಂತೂ ಸಣ್ಣವಲ್ಲ. ಆದರೆ ಹಗಲೆಲ್ಲ ಅವರು ಕಚೇರಿಯಲ್ಲಿರುವಾಗ ನಾನು ಯಾರೊಡನೆ ಮಾತಾಡಲಿ? ಮರಾಠಿಯ ಮೇಲೆ ನನಗೆ ಮುನಿಸಿಲ್ಲ. ಜ್ಞಾನೇಶ್ವರಿಯನ್ನು ನಿಘಂಟು ಹಿಡಿದು ಓದಿದವನೇ ನಾನು. ಹಾಲಿನವನೊಡನೆ ಲೆಕ್ಕ ಬಗೆಹರಿಸಲು ಆ ಮರಾಠಿ ಒದಗುವುದಿಲ್ಲವಷ್ಟೆ! ಮೊಮ್ಮಗಳಿಗೋ ಇಂಗ್ಲಿಷೇ ಸಲೀಸು. ನನ್ನ ಕನ್ನಡವನ್ನು ಅವಳು ನಗುತ್ತ ಕೇಳುತ್ತಾಳೆ, ಉತ್ತರಿಸುವುದಿಲ್ಲ.

ಹೀಗಿರುವಾಗ ಮನೆಯನ್ನು ಮಾರಿ ಹೊರಡುವುದು ನನಗೆ ಸರಿಕಾಣಲಿಲ್ಲ. ಪುಸ್ತಕಗಳನ್ನು ಕದಲಿಸದೆ, ಮಳೆಗಾಲ ಕಳೆದ ಮೇಲೆ ಆರು ತಿಂಗಳು ಇದ್ದು ನೋಡುತ್ತೇನೆಂದು ತಿಳಿಸಿದ್ದೇನೆ. ದಿನಕ್ಕೊಂದು ಗಂಟೆ ಕನ್ನಡ ಅಕ್ಷರ ಕಲಿಯುವೆಯಾ ಎಂದು ಮೊಮ್ಮಗಳನ್ನೂ ಕೇಳಿದ್ದೇನೆ. ಅವಳ ಒಪ್ಪಿಗೆ ಇನ್ನೂ ಬಂದಿಲ್ಲ.